ಕೈಯಾರೆ ಮಾಡಿದ ಕ್ಯಾರವಾನ್

ಮೂರನೆಯ ಸ್ಕ್ರೂ ಜಪ್ಪಯ್ಯ ಎಂದರೂ ಕದಲಲಿಲ್ಲ. ಅವಳು ಮೈಭಾರವನ್ನೆಲ್ಲ ಸ್ಕ್ರೂಡ್ರೈವರಿನ ಮೇಲೆ ಹಾಕಿ ತಿರುಗಿಸಿದಳು. ಕಿರ್ರೆಂದು ಸಡಿಲಾಯಿತು. ಮಡಚುವ ಮೇಜು ಗೋಡೆ ಬಿಟ್ಟು ಅವಳ ತೊಡೆಗೆ ಒರಗಿತು.

'ಬಾ,' ಎಂದಳು ಅದಕ್ಕೆ. 'ನಮಗಿಲ್ಲಿ ಏನು ಕೆಲಸ?'

ಕ್ಯಾರವಾನ್ ಭಾವನದು. ಅದರೊಳಗಿನ ಒಂದೊಂದು ಹೊಲಿಗೆ, ಒಂದೊಂದು ಕೊಂಡಿ ಅವಳದು. ವಾರವೆಲ್ಲ ಬಸ್ಸಿನ ಸೀಟು ಹೊಲಿಯುವವಳು ಎಂಟು ತಿಂಗಳ ಭಾನುವಾರಗಳನ್ನು ಈ ಡಬ್ಬಿಯೊಳಗೆ ನಡು ಬಗ್ಗಿಸಿ ಕಳೆದಿದ್ದಳು. ಹೊಸ ಮೆತ್ತೆ, ತಿಳಿ ಹಳದಿ ಪರದೆ. ಗಾಡಿ ಓಡುವಾಗ ಡ್ರಾಯರು ಜಾರದಂತೆ ಚಿಲಕ, ಬಾಟಲಿ ಉರುಳದಂತೆ ಕಪಾಟಿಗೆ ಅಡ್ಡ ಎಲಾಸ್ಟಿಕ್. ಗೋಡೆ ರಟ್ಟಿನಷ್ಟು ತೆಳು. ಹಾಗಾಗಿ ಹೊಸ ತೂತು ಕೊರೆಯದೆ ಎಲ್ಲವನ್ನೂ ಹಳೆಯ ತೂತುಗಳಿಗೇ ಹೊಂದಿಸಿದ್ದಳು. ಭಾವ ಡ್ರಿಲ್ ಹಿಡಿದದ್ದು ಒಂದೇ ಸಲ. ಅದು ಗೋಡೆ ದಾಟಿ ಆಚೆ ಹೊರಟಿತ್ತು. ಹೊರಗಿನಿಂದ ತೇಪೆ ಅಂಟಿಸಿ, ಒಳಗೆ ಜೇಬುಗಳಿರುವ ಬಟ್ಟೆಯೊಂದನ್ನು ತೂಗುಹಾಕಿ ಅವನ ಮಾನ ಮುಚ್ಚಿದವಳೂ ಅವಳೇ.

ಮೊನ್ನೆ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ಫೋಟೋದಲ್ಲಿ ಭಾವ ಅವಳ ಮೆತ್ತೆಯ ಮೇಲೆ ಕಾಲು ಚಾಚಿ ಕೂತಿದ್ದ. ಕೆಳಗೆ ಅವನದೇ ಮಾತು: 'ಎಲ್ಲ ನನ್ನ ಕೈಯಾರೆ ಮಾಡಿದ್ದು. ಯಾರ ಸಹಾಯವೂ ಇಲ್ಲ.'

ಅವಳು ಜಗಳಕ್ಕೆ ಹೋಗಲಿಲ್ಲ. ಇವತ್ತು ನಾಲ್ಕಕ್ಕೆ ಟೀವಿಯವರು ಬರುತ್ತಾರೆಂದು ಅಕ್ಕ ಹೇಳಿದಾಗ, 'ಒಳಗೆ ಒಂಚೂರು ಒರೆಸಿಕೊಡ್ತೀನಿ' ಎಂದು ಬೀಗದಕೈ ಇಸಿದುಕೊಂಡಳು, ಅಷ್ಟೆ. ಮುಗ್ಗಲು ಹಿಡಿದ ಹಳೆಯ ಫೋಮು, ಕಂದು ಪರದೆ ಎಲ್ಲ ಹಿತ್ತಿಲ ಶೆಡ್ಡಿನಲ್ಲೇ ಇದ್ದವು. ಯಾವುದಕ್ಕಾದರೂ ಬರುತ್ತದೆಂದು ಕಟ್ಟಿ ಇಡಿಸಿದ್ದವನು ಭಾವನೇ. ಈಗ ಬಂದವು, ಅವಳು ಕಿತ್ತ ಮೆತ್ತೆ, ಪರದೆಗಳ ಜಾಗಕ್ಕೆ.

ಅಕ್ಕ ಬಾಗಿಲಿಗೆ ಬಂದವಳು ಮೂಗಿಗೆ ಸೆರಗು ಹಿಡಿದಳು. 'ಏನೇ ಇದು? ಹಳೇ ನಾತ ವಾಪಸ್ ಬಂತಲ್ಲೇ!'

'ಒರೆಸ್ತಿದೀನಿ ಅಕ್ಕಾ.'

'ಒರೆಸೋದಾ, ಗುಡಿಸಿ ಗುಂಡಾಂತರ ಮಾಡೋದಾ?' ಅಕ್ಕ ಸುತ್ತ ನೋಡಿದಳು. ತಂಗಿಯ ಮುಖ ನೋಡಿದಳು. ತುಟಿಯಂಚಿಗೆ ಬಂದ ನಗುವನ್ನು ಸೆರಗಿನಲ್ಲೇ ನುಂಗಿ, 'ನಾನಂತೂ ಈ ಕಡೆ ಬಂದೇ ಇಲ್ಲಪ್ಪ,' ಎಂದು ಹೊರಟುಹೋದಳು.

ಮೂರೂವರೆಗೆ ಭಾವ ಬಂದ. ಗರಿಗರಿ ಇಸ್ತ್ರಿಯ ಅಂಗಿ, ಆಗಷ್ಟೇ ಬಾಚಿದ ತಲೆ. ಒಳಗೆ ಕಾಲಿಟ್ಟವನ ಬಾಯಿ ತೆರೆದೇ ಇತ್ತು.

'ಹುಚ್ಚೇನೇ ನಿಂಗೆ? ಅರ್ಧ ಗಂಟೇಲಿ ಅವರು ಬರ್ತಾರೆ!'

'ಬರ್ಲಿ ಬಿಡಿ ಭಾವ. ನಿಮ್ಮ ಕೆಲಸಾನ ನಾನು ಮುಟ್ಟೇ ಇಲ್ಲ. ನೋಡಿ, ಅಲ್ಲಿದೆ.'

ಬರಿದಾದ ಗೋಡೆಯಲ್ಲಿ ಕಿರುಬೆರಳಿನಷ್ಟು ತೂತು. ತೇಪೆಯೂ ಹೋಗಿದ್ದರಿಂದ ಬಿಸಿಲು ಕೋಲಿನಂತೆ ಒಳಗೆ ಚಾಚಿತ್ತು.

'ಮರ್ಯಾದೆ ಪ್ರಶ್ನೆ ಕಣೇ ಇದು!'

'ಕೈಯಾರೆ ಮಾಡಿದ್ದು ತಾನೆ? ಇನ್ನೊಂದ್ಸಲ ಮಾಡಿ. ಸ್ಕ್ರೂ ಎಲ್ಲ ಆ ಡಬ್ಬೀಲಿದೆ.'

ಅವನು ನಿಜಕ್ಕೂ ಡಬ್ಬಿಗೆ ಕೈಹಾಕಿದ. ಒಂದು ಕೀಲು ತೆಗೆದು ತಲೆಕೆಳಗಾಗಿ ಹಿಡಿದು ಗೋಡೆಗೆ ಒತ್ತಿ ನೋಡಿದ. ಅದು ಮಡಚಿಕೊಂಡು ಅವನ ಬೆರಳನ್ನೇ ಕಚ್ಚಿತು. ಅವಳ ಹೊಟ್ಟೆ ತಣ್ಣಗಾಯಿತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಒದ್ದಾಡಲಿ ಎನಿಸಿತು.

ಭಾವ ಫೋಮಿನ ಮೇಲೆ ಕುಸಿದ. ದನಿ ಇಳಿಸಿದ. 'ತಪ್ಪಾಯ್ತು, ಆಯ್ತಾ? ಕ್ಯಾಮೆರಾ ಮುಂದೇನೇ ಹೇಳ್ತೀನಿ. ಎಲ್ಲ ನನ್ನ ನಾದಿನಿ ಮಾಡಿದ್ದು, ನಾನು ಒಂದು ಮೊಳೇನೂ ಹೊಡೆದಿಲ್ಲ ಅಂತ. ನೀನೇ ಮಾತಾಡು, ನಾನು ಹಿಂದೆ ನಿಂತಿರ್ತೀನಿ. ಈಗ ಎಲ್ಲ ವಾಪಸ್ ಹಾಕಿಬಿಡಮ್ಮ. ನಿನ್ನ ಕೈ ಚುರುಕು.'

ಮೊನ್ನೆಯಿಂದ ಅವಳು ಕಾದಿದ್ದು ಇದೇ ಮಾತಿಗೆ. ನಿನ್ನೆ ಬಂದು ಹೇಳಿದ್ದರೆ ಅತ್ತೇಬಿಡುತ್ತಿದ್ದಳೇನೋ. ಹೊರಗೆ ಕಾರೊಂದು ನಿಂತ ಸದ್ದಾಯಿತು. ಅವಳು ಮೇಜನ್ನು ಕಂಕುಳಿಗೆ ಏರಿಸಿಕೊಂಡಳು.

'ಬೇಡ ಭಾವ.'

'ಅಲ್ವೇ, ನಿನ್ನ ಹೆಸರು ಊರಿಗೆಲ್ಲ...'

'ಬೇಡ ಅಂದ್ನಲ್ಲ. ಹಾಕಲ್ಲ.'