ಭಂಡಾರದ ಪರಾತ

ನಾನು ಒಂದು ಹಿತ್ತಾಳೆಯ ಪರಾತ. ಒಂದೂವರೆ ಮೊಳ ಅಗಲ, ನಾಲ್ಕು ಬೆರಳು ಆಳ. ಚಾಡಿ ಮಾತು ನಂಬುವವರನ್ನು ಜನ ‘ಹಿತ್ತಾಳೆ ಕಿವಿ’ ಎಂದು ಹಳಿಯುತ್ತಾರೆ. ನನ್ನದು ಹುಟ್ಟಾ ಹಿತ್ತಾಳೆ ಕಿವಿಯೇ, ಏನು ಮಾಡುವುದು? ಆದರೆ ನಾನು ಹೇಳಹೊರಟಿರುವುದು ಕಿವಿಗೆ ಬಿದ್ದ ಮಾತಲ್ಲ, ಕಣ್ಣಾರೆ ಕಂಡದ್ದು.

ನಾನು ಹುಟ್ಟಿದ್ದು ವಿಜಾಪುರದಲ್ಲಿ, ಪಾತ್ರೆ ಬಡಿಯುವವರ ಓಣಿಯಲ್ಲಿ. ಒಬ್ಬ ಮುದುಕ ಕಂಚುಗಾರ ನಾಲ್ಕು ದಿನ ನನ್ನನ್ನು ಬಡಿದ. ಅಂಚನ್ನು ಹೊರಗೆ ಮಡಚಿ, ಒಳಗೆ ತಂತಿ ಕೂರಿಸಿದ. ಕೊನೆಗೆ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ ಕಿವಿಗೊಟ್ಟ. ನಾನು ಘಣಣಣ ಎಂದೆ. ನಿಲ್ಲಿಸಲು ಅವನೇ ಅಂಚಿನ ಮೇಲೆ ಅಂಗೈ ಇಡಬೇಕಾಯಿತು. “ಇದು ಬಾಳ ಮಾತಾಡತೈತಿ” ಎಂದು ನಕ್ಕ. ಹೊಗಳಿದನೋ ಬೈದನೋ ಇಂದಿಗೂ ತಿಳಿದಿಲ್ಲ.

ಡೋಣಿ ಹೊಳೆಯ ದಂಡೆಯ ಒಂದು ಊರಿನವನು ತಂಗಿಯ ಮದುವೆಗೆಂದು ನನ್ನನ್ನು ಕೊಂಡ. ‘ಕಾಶವ್ವಗ ಅಣ್ಣನ ಆಯೇರಿ’ ಎಂದು ಉಡುಗೊರೆಯ ಬರಹವನ್ನು ಚುಕ್ಕೆ ಚುಕ್ಕೆಯಾಗಿ ನನ್ನ ಬೆನ್ನಿಗೆ ಹೊಡೆಸಿದ. ಅಂದಿನಿಂದ ನಾನು ಕಾಶವ್ವನ ಪಾಲಾದೆ.

ಕಾಶವ್ವ ನನ್ನಲ್ಲಿ ಹಿಟ್ಟು ನಾದಿದಳು, ಶೇಂಗಾ ಹಸನು ಮಾಡಿದಳು, ಮಗ ಹುಟ್ಟಿದಾಗ ಎಳೆಗೂಸನ್ನು ನನ್ನಲ್ಲೇ ಮಲಗಿಸಿ ನೀರೆರೆದಳು. ಆದರೆ ನನ್ನ ನಿಜವಾದ ಮರ್ಯಾದೆ ಭಂಡಾರದ ದಿನದ್ದು. ಭಂಡಾರ ಎಂದರೆ ಅರಿಸಿನದ ಪುಡಿ. ಕಾಶವ್ವನಂಥ ಹಾಲುಮತದ ಕುರುಬರ ಮನೆಗಳಲ್ಲಿ ಅದನ್ನು ಹಣೆಗೆ ಹಚ್ಚಿದರೆ ದೇವರ ಆಶೀರ್ವಾದ, ಗಾಳಿಗೆ ಹಾರಿಸಿದರೆ ಊರಿಗೆಲ್ಲ ಸಂಭ್ರಮ. ಮದುವೆಯಿರಲಿ, ಕುಸ್ತಿಯಲ್ಲಿ ಊರ ಹುಡುಗ ಗೆದ್ದಿರಲಿ, ಕಾಶವ್ವ ನನ್ನನ್ನು ಸೊಂಟಕ್ಕಿಟ್ಟು ಹೊರಡುತ್ತಿದ್ದಳು. ಮೊದಲ ಬೊಗಸೆ ಅವಳದೇ ಆಗಬೇಕು. ಆ ವಿಷಯದಲ್ಲಿ ಅವಳಿಗೂ ನನಗೂ ತುಸು ಸೊಕ್ಕಿತ್ತು.

ಮಗನಿಗೆ ಅಮೋಘಸಿದ್ಧ ಎಂದು ಹೆಸರಿಟ್ಟಳು, ಕರೆಯುವುದು ಅಮೋಗಿ ಎಂದು. ಮೂರನೆಯ ವರ್ಷಕ್ಕೇ ಅವನು ತಂದೆಯನ್ನು ಕಳೆದುಕೊಂಡ. ಕಾಶವ್ವನ ಅಣ್ಣನ ಮಗ ಮಾಳಿಂಗನೂ ಅಮೋಗಿ ಹುಟ್ಟಿದ ವರ್ಷವೇ ಹುಟ್ಟಿದವನು. ಇಬ್ಬರೂ ಒಂದೇ ಬಾಡಿಗೆ ಸೈಕಲ್ಲಿನಲ್ಲಿ ಕಲಿತರು, ಒಂದೇ ಕಲ್ಲಿಗೆ ಬಿದ್ದು ಮೊಣಕಾಲು ಕೆತ್ತಿಸಿಕೊಂಡರು. ನಮ್ಮ ಕಡೆ ಸೈಕಲ್ ಹೊಡೆಯುವ ಹುಚ್ಚು ಹೊಸದಲ್ಲ. ಎರೆಭೂಮಿಯ ನಡುವೆ ದಾರಿ ನೆಟ್ಟಗೆ ಇರುತ್ತದೆ, ಮರ ಕಡಿಮೆ, ಎದುರು ಗಾಳಿ ಮಾತ್ರ ಬೇಕಾದಷ್ಟು.

ಆ ಗಾಳಿಯೇ ಅವರಿಬ್ಬರ ಹಣೆಬರಹ ಬರೆಯಿತು. ಅಮೋಗಿ ಎದೆಗಾರ, ಎಷ್ಟು ಹೊತ್ತಾದರೂ ಮುಂದೆ ನಿಂತು ಗಾಳಿ ಸೀಳುತ್ತಿದ್ದ. ಮಾಳಿಂಗ ಅವನ ಹಿಂದಿನ ಗಾಲಿಗೆ ಅಂಟಿಕೊಂಡು ಕಸುವು ಉಳಿಸಿಕೊಳ್ಳುತ್ತಿದ್ದ. ಪಂದ್ಯ ಮುಗಿಯುವ ಗೆರೆ ಇನ್ನೂರು ಮೀಟರ್ ಇರುವಾಗ ಅಮೋಗಿ ಬಲಕ್ಕೆ ಸರಿಯುವುದು, ಮಾಳಿಂಗ ಬಿಲ್ಲಿನಿಂದ ಬಿಟ್ಟಂತೆ ಹಾರುವುದು. ಒಂದು ಸಂಜೆ ನನ್ನಲ್ಲಿದ್ದ ಶೇಂಗಾ ತಿನ್ನುತ್ತ ಇಬ್ಬರೂ ಮಾತು ಕಟ್ಟಿಕೊಂಡರು.

“ಈ ವರ್ಷ ಡೋಣಿ ರೇಸ್ ನಿಂದು ಲೇ ಮಾಳ್ಯಾ. ಮುಂದಿನ ವರ್ಷ ನಂದು. ಆವಾಗ ನೀ ಗಾಳಿ ತಿನ್ನಬೇಕು.”

“ತಿಂತೀನೋ. ಅತ್ತಿ ಮುಂದ ಆಣಿ ಮಾಡಿ ಹೇಳ್ತೀನಿ” ಎಂದ ಮಾಳಿಂಗ.

ಕಾಶವ್ವ ಇಬ್ಬರ ತಲೆಗೂ ಒಂದೊಂದು ಮೊಟಕಿದಳು. ಮಗ ಗೆರೆಯನ್ನು ಮೊದಲು ದಾಟುವುದನ್ನು ಕಾಣಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ಅವಳ ಕೈ ತಾಗಿದ ನನಗೆ ಗೊತ್ತು. ಒಂದು ವರ್ಷ ತಾನೇ, ಕಾಯುತ್ತೇನೆ ಎಂದುಕೊಂಡಳು.

ಡೋಣಿ ರೇಸ್ ಎಂದರೆ ನೂರ ನಲವತ್ತು ಕಿಲೋಮೀಟರಿನ ಹಳೆಯ ಪಂದ್ಯ. ಪುಣೆಯಿಂದ, ಪಟಿಯಾಲದಿಂದ, ಸೈಕಲ್ ಹೊಡೆದೇ ಸಂಬಳ ಎಣಿಸುವ ಆಳುಗಳು ಬರುತ್ತಿದ್ದರು. ಆ ವರ್ಷ ಕೊನೆಯ ಗೆರೆಯನ್ನು ನಮ್ಮ ಊರ ಹೊರಗೇ ಸುಣ್ಣದಲ್ಲಿ ಎಳೆದರು. ಬೇವಿನ ಮರ, ಟ್ರ್ಯಾಕ್ಟರ್, ಶಾಲೆಯ ಮಾಳಿಗೆ, ಎಲ್ಲಿ ನೋಡಿದರಲ್ಲಿ ಜನ. ಆರು ಡೊಳ್ಳು. ಮೈಕಿನವನ ಗಂಟಲು ಬೆಳಿಗ್ಗೆಯೇ ಕಟ್ಟಿತ್ತು. ಕಾಶವ್ವ ಇಳಕಲ್ಲ ಸೀರೆ ಉಟ್ಟು, ನನ್ನಲ್ಲಿ ಐದು ಸೇರು ಭಂಡಾರ ತುಂಬಿ, ಗೆರೆಯಿಂದ ಹತ್ತು ಹೆಜ್ಜೆ ಆಚೆ ಹಗ್ಗ ಹಿಡಿದು ನಿಂತಳು.

ನಮ್ಮವರು ನೋಡಿ ಬೆಳೆದದ್ದು ಎತ್ತಿನ ಗಾಡಿಯ ಶರತ್ತು. ಅಲ್ಲಿ ಓಡುವುದು ಒಂದು ಸಲಕ್ಕೆ ಒಂದೇ ಜೋಡಿ. ಜೋಡಿ ಗೆರೆ ದಾಟಿತೆಂದರೆ ಜನ ನುಗ್ಗಿ ಎತ್ತಿನ ಕೊರಳಿಗೆ ಬೀಳುವುದು ವಾಡಿಕೆ. ಗೆದ್ದವನ ಬೆನ್ನಿಗೇ ಇನ್ನೂ ಐವತ್ತು ಜನ ಅದೇ ವೇಗದಲ್ಲಿ ಬರುತ್ತಿರುತ್ತಾರೆಂದು ಯಾರೂ ಯೋಚಿಸಲಿಲ್ಲ. ಯಾರೋ ಮೈಕಿನಲ್ಲಿ ಹೇಳಿದರಂತೆ. ಡೊಳ್ಳಿನ ಮುಂದೆ ಮೈಕು ಯಾವ ಲೆಕ್ಕ?

“ಬಂದ್ರು! ಬಂದ್ರು!”

ನನ್ನ ಅಂಚಿನ ಮೇಲಿಂದ ನನಗೂ ಕಂಡಿತು. ಎಲ್ಲರ ಮುಂದೆ ಅಮೋಗಿ, ತಲೆ ತಗ್ಗಿಸಿ ಗಾಳಿ ಸೀಳುತ್ತಿದ್ದ. ಇನ್ನೂರು ಮೀಟರಿಗೆ ಸರಿದ. ಮಾಳಿಂಗ ಹಾರಿದ. ಪಟಿಯಾಲದ ಧಡೂತಿ ಆಳು ಅವನ ಪಕ್ಕಕ್ಕೇ ಬಂದ. ಅರ್ಧ ಗಾಲಿ, ಬರೀ ಅರ್ಧ ಗಾಲಿಯಿಂದ ಮಾಳಿಂಗ ಗೆದ್ದ. ಅವನ ಹಿಂದೆ ಏಳೆಂಟು ಜನ ಸುಂಯ್ ಎಂದು ದಾಟಿ ಹೋದರು. ಆಮೇಲೆ ಒಂದು ಕ್ಷಣ ದಾರಿ ಖಾಲಿ ಕಂಡಿತು.

ಊರಿಗೆ ಊರೇ ಕೂಗಿಕೊಂಡಿತು. ಹಗ್ಗ ಹರಿಯಿತು. ಡೊಳ್ಳಿನವರು ಕುಣಿಯುತ್ತ ದಾರಿಗೆ ಇಳಿದರು, ಮುದುಕರು ತಲೆಯ ಪಟಕ ಬಿಚ್ಚಿ ಹಾರಿಸಿದರು, ಗುರುತಿಲ್ಲದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಎಲ್ಲರಿಗಿಂತ ಮೊದಲು ಇಳಿದವಳು ಕಾಶವ್ವ. ಬೊಗಸೆ ಸಾಲದೆಂದು ನನ್ನನ್ನೇ ಎರಡೂ ಕೈಯಲ್ಲಿ ಎತ್ತಿ, ಇದ್ದ ಭಂಡಾರವನ್ನೆಲ್ಲ ಆಕಾಶಕ್ಕೆ ಚೆಲ್ಲಿದಳು. ಅವಳನ್ನು ನೋಡಿ ಮತ್ತೆ ಹತ್ತು ಜನ ಚೆಲ್ಲಿದರು. ಅಮೋಗಿ ಊರವರೆಗೆ ಸೀಳಿಕೊಂಡು ಬಂದ ಅದೇ ಗಾಳಿ ಅಷ್ಟನ್ನೂ ಎತ್ತಿ ಗೆರೆಯ ಮೇಲೆ ತೂರಿತು. ದಾರಿ ಕಾಣದಾಯಿತು. ಎಲ್ಲೆಲ್ಲೂ ಹಳದಿ.

ಆ ಹಳದಿಯೊಳಗಿಂದ ಒಂದು ಸೈಕಲ್ ಬಂತು.

ನಾನು ಅವಳ ಕೈಯಲ್ಲಿ ಇನ್ನೂ ಮೇಲೆತ್ತಿದಂತೆಯೇ ಇದ್ದೆ, ಬಿಸಿಲಿಗೆ ಹೊಳೆಯುತ್ತಿದ್ದೆ. ಅಮೋಗಿಯ ಮುಖ ನನಗೆ ಎರಡು ಮಾರು ದೂರದಲ್ಲಿ ಕಂಡಿತು. ಮರುಗಳಿಗೆ ಅವನು ಎಡಕ್ಕೆ ತಿರುಗಿದ. ಎಡಕ್ಕೆ ಪೆಂಡಾಲಿನ ಕಬ್ಬಿಣದ ಕಂಬವಿತ್ತು.

ನಾನು ಡಾಂಬರಿನ ಮೇಲೆ ಬಿದ್ದು, ಅಂಚಿನ ಮೇಲೆ ನಿಂತು ಉರುಳಿದೆ. ಘಣಣಣ. ನಿಲ್ಲಬೇಕೆಂದರೂ ನಿಲ್ಲಲು ಬರಲಿಲ್ಲ. ಅತ್ತ ಮಾಳಿಂಗನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಡೊಳ್ಳು ನಿಂತಿರಲಿಲ್ಲ. ಇತ್ತ ಕಾಶವ್ವ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗುತ್ತಿದ್ದಳು. ಅದೂ ಸಂಭ್ರಮದ ಕೂಗೆಂದೇ ಜನ ಬಹಳ ಹೊತ್ತು ತಿಳಿದರು. ಅವಳ ಅಂಗೈ ಹಳದಿಯಾಗಿತ್ತು. ಅಂದು ಊರಲ್ಲಿ ಎಲ್ಲರ ಅಂಗೈಯೂ ಹಳದಿ. ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಅಮೋಗಿ ಬದುಕಿದ. ಮೊಣಕಾಲ ಚಿಪ್ಪು ಮೂರು ಚೂರಾಗಿತ್ತು, ಕಾಲು ಮತ್ತೆ ಮಡಚಲಿಲ್ಲ. ದವಾಖಾನೆಯಲ್ಲಿ ಎಚ್ಚರವಾದಾಗ ಅವನು ಆಡಿದ ಮೊದಲ ಮಾತು ಏನೆಂದು ಕಾಶವ್ವ ಎಷ್ಟೋ ದಿನದ ಮೇಲೆ ನನ್ನ ಮುಂದೆ, ತನಗೆ ತಾನೇ ಎಂಬಂತೆ, ಅಂದುಕೊಂಡಳು. “ಅವ್ವಾ, ಏನೋ ಉರುಳಿದಂಗ ಸಪ್ಪಳ ಬರತೈತಿ” ಎಂದಿದ್ದನಂತೆ. “ಡೊಳ್ಳಿನ ಸಪ್ಪಳ ಇರಬೇಕಪ್ಪಾ” ಎಂದಿದ್ದಳಂತೆ ಇವಳು.

ಪರಾತ ಗದ್ದಲದಲ್ಲಿ ಕಳೆದುಹೋಯಿತೆಂದು ಊರಿಗೆಲ್ಲ ಹೇಳಿದಳು. ನನ್ನನ್ನು ಆ ಇಳಕಲ್ಲ ಸೀರೆಯಲ್ಲೇ ಸುತ್ತಿ ಅಟ್ಟಕ್ಕೆ ಹಾಕಿದಳು. ಮನೆಯ ಉಳಿದ ಹಿತ್ತಾಳೆ ಪಾತ್ರೆಗಳನ್ನು ಕೊಟ್ಟು ಸ್ಟೀಲಿನವನ್ನು ತಂದಳು. ತಾಟು ಕೈಜಾರಿ ಬಿದ್ದರೆ ಸಾಕು, ಓಡಿಬಂದು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದಳು. ಸದ್ದು ಮಗನ ಕಿವಿಗೆ ಹೋಗಬಾರದು. ಹೋದರೆ ಅವನಿಗೆ ನೆನಪಾದೀತು, ಪುಡಿ ಎರಚಿ ಕಣ್ಣು ಕಟ್ಟಿದ ಕೈ ಯಾರದೆಂದು ತಿಳಿದೀತು. ಅವಳ ಭಯ ಅದೊಂದೇ ಆಗಿತ್ತು.

ಮರುವರ್ಷದ ಡೋಣಿ ರೇಸಿಗೆ ಮಾಳಿಂಗ ಬಂದ. ಗೆರೆ ಇನ್ನೂರು ಮೀಟರ್ ಇರುವಾಗ, ಎಲ್ಲರಿಗಿಂತ ಮುಂದಿದ್ದವನು, ಬಲಕ್ಕೆ ಸರಿದು ಸೈಕಲ್ ನಿಲ್ಲಿಸಿ ಇಳಿದುಬಿಟ್ಟನಂತೆ. ಹುಚ್ಚನೆಂದು ಜನ ಬೈದರು. ಅವನು ನೇರ ಮನೆಗೆ ಬಂದು ಹೊಸ್ತಿಲ ಮೇಲೆ ಕೂತು, “ಇವತ್ತು ಅಮೋಗಿ ಪಾಳಿ ಇತ್ತು ಅತ್ತಿ” ಎಂದ. ಕಾಶವ್ವ ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಟ್ಟದ ಮೇಲೆ, ಸೀರೆಯ ಗಂಟಿನ ಸಂದಿಯಿಂದ ನಾನು ನೋಡುತ್ತಿದ್ದೆ. ಹಿತ್ತಾಳೆಗೆ ಅಳಲು ಬರುವುದಿಲ್ಲ, ಕಿಲುಬು ಹಿಡಿಯುತ್ತದೆ ಅಷ್ಟೆ.

ಮಗ ಹೊರಗೆ ಹೋದಾಗಲೆಲ್ಲ, ರೇಸಿನ ದಿನವಂತೂ ತಪ್ಪದೆ, ಅವಳು ಬಾಗಿಲು ಹಾಕಿಕೊಂಡು ನನ್ನನ್ನು ಇಳಿಸುತ್ತಿದ್ದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಮಡಚಿದ ಅಂಚಿನ ಒಳಗೆ ಭಂಡಾರ ಸೇರಿಕೊಂಡಿತ್ತು. ತಿಕ್ಕುತ್ತಿದ್ದಳು, ತೊಳೆಯುತ್ತಿದ್ದಳು, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಎಳೆಯಷ್ಟು ಹಳದಿ ಉಳಿದೇ ಇರುತ್ತಿತ್ತು. ಹೊರಗೆ ದಾರಿಯಲ್ಲಿ ಸೈಕಲ್ಲುಗಳು ಸುಂಯ್ ಎಂದು ಹೋದಾಗ ನನಗೆ ನಡುಕ ಬರುತ್ತಿತ್ತು, ಅವಳು ಅಂಗೈ ಇಟ್ಟು ನನ್ನನ್ನು ಸುಮ್ಮನಾಗಿಸುತ್ತಿದ್ದಳು. 

ಇಪ್ಪತ್ತೆರಡು ವರ್ಷ ಹೀಗೆ ಕಳೆಯಿತು. ಅಮೋಗಿ ಊರ ಮುಂದೆ ಸೈಕಲ್ ಅಂಗಡಿ ಹಾಕಿದ. ತಾಯಿಯನ್ನು ಅವನು ಒಂದು ದಿನವೂ ಗದರಿಸಲಿಲ್ಲ. ಅವನ ಆ ಒಳ್ಳೆಯತನವೇ ಅವಳಿಗೆ ಮುಳ್ಳಾಗಿತ್ತು. ಹೋದ ವರ್ಷ ಬೇಸಿಗೆಯಲ್ಲಿ ಕಾಶವ್ವ ತೀರಿಕೊಂಡಳು. ಹೇಳಬೇಕೆಂದು ಕೊನೆಯ ದಿನ ಎರಡು ಸಲ ಬಾಯಿ ತೆರೆದಿದ್ದಳು. ಮಗ ನೀರು ಬೇಕೇನೋ ಎಂದುಕೊಂಡು ಕುಡಿಸಿದ.

ದಿನಕರ್ಮ ಮುಗಿದ ಮೇಲೆ ಅಟ್ಟ ಹಸನು ಮಾಡಲು ಮಾಳಿಂಗ ಹತ್ತಿದ. ಸೀರೆಯ ಗಂಟು ಬಿಚ್ಚಿ ನನ್ನನ್ನು ಕಂಡವನೇ ಬೆಚ್ಚಿದ.

“ಲೇ ಅಮೋಗಿ, ಇದು ಆವತ್ತ ಕಳದಿತ್ತಲ್ಲೋ?”

“ಕಳದೈತಿ ಅಂತನ ನಾನೂ ತಿಳದಿದ್ದೆ” ಎಂದ ಅಮೋಗಿ ಕೆಳಗಿನಿಂದ. “ಆ ಹಳದಿ ಒಳಗ ನನಗ ಕಂಡಿದ್ದು ಇದೊಂದ. ಬಿಸಿಲಿಗಿ ಫಳಫಳ ಹೊಳೀತಿತ್ತು. ಇದರ ಹಿಂದ ಅವ್ವ ನಿಂತಿದ್ಲು. ನೆಟ್ಟಗ ಬಂದಿದ್ರ ಆಕಿ ಮ್ಯಾಲೇ ಹೋಗತಿದ್ದೆ. ಅದಕ್ಕ ಎಡಕ್ಕ ಹೊಡದೆ.”

ಮಾಳಿಂಗ ಏಣಿಯ ಮೇಲೇ ಕುಳಿತ. “ಮತ್ತ ಅತ್ತಿಗಿ ಯಾಕ ಹೇಳಲಿಲ್ಲ?”

“ಹೆಂಗ ಹೇಳಲಿ? ಆಕಿ ಸಲುವಾಗಿ ಬಿದ್ದೆ ಅಂದ್ರ ಆಕಿ ಉಳೀತಿದ್ಲೇನು? ಪಾಪ, ಆಕೀಗಿ ಏನೂ ಗೊತ್ತಿಲ್ಲ, ಹಂಗ ಇರಲಿ ಅಂದ್ಕೊಂಡೆ.”

ಹೇಳುತ್ತಲೇ ಅವನು ನನ್ನನ್ನು ಕೈಗೆ ತೆಗೆದುಕೊಂಡ. ಅಭ್ಯಾಸದಂತೆ ಬೆರಳನ್ನು ಅಂಚಿನ ಸುತ್ತ ಆಡಿಸಿದ, ಗಾಲಿಯ ರಿಮ್ಮು ನೋಡುವಂತೆ. ಬೆರಳು ನಿಂತಿತು. ಇಪ್ಪತ್ತೆರಡು ವರ್ಷ ತಿಕ್ಕಿ ತಿಕ್ಕಿ ನನ್ನ ಅಂಚು ಹಾಳೆಯಷ್ಟು ತೆಳುವಾಗಿತ್ತು. ಒಂದು ಕಡೆ ಹಿತ್ತಾಳೆ ಸವೆದು ಒಳಗಿನ ತಂತಿಯೇ ಕಾಣುತ್ತಿತ್ತು. ಅಟ್ಟದ ಮೇಲೆ ಕೂತ ಪಾತ್ರೆ ತಾನಾಗಿ ಸವೆಯುವುದಿಲ್ಲ. ತನ್ನ ಕೈಯ ಭಂಡಾರವೇ ಮಗನನ್ನು ಬೀಳಿಸಿತೆಂದು ಅವ್ವ ಇಷ್ಟು ವರ್ಷ ಕೊರಗಿದ್ದು ಅಮೋಗಿಗೆ ತಿಳಿಯಿತು. “ಅಯ್ಯೋ ಅವ್ವಾ” ಎಂದ. ಕಾಲು ಮುರಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ನಾನು ಮಾತಾಡುವ ಪಾತ್ರೆಯೆಂದು ಕಂಚುಗಾರ ನಕ್ಕಿದ್ದನಲ್ಲ. ಅವನು ನಿನ್ನನ್ನು ಕಂಡೇ ತಿರುಗಿದ ಎಂಬ, ಆಡಬೇಕಾದ ಒಂದೇ ಮಾತನ್ನು ನಾನು ಆ ತಾಯಿಗೆ ಆಡಲಿಲ್ಲ.

ಈಗ ನಾನು ಅಮೋಗಿಯ ಅಂಗಡಿಯಲ್ಲಿದ್ದೇನೆ. ನನ್ನ ತುಂಬ ನೀರು. ಪಂಕ್ಚರಾದ ಟ್ಯೂಬುಗಳನ್ನು ಅದರಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ಅವನು ನೋಡುತ್ತಾನೆ. ಎಷ್ಟೇ ಸಣ್ಣ ತೂತಿರಲಿ, ನೀರಿನಲ್ಲಿ ಗಾಳಿ ತಾನೇ ಹೇಳಿಬಿಡುತ್ತದೆ. ಮನುಷ್ಯರ ವಿಷಯದಲ್ಲಿ ಅಷ್ಟು ಸುಲಭವಿಲ್ಲ ಎಂದು ನನಗನಿಸುತ್ತದೆ.

ಡೋಣಿ ರೇಸ್ ಇಂದಿಗೂ ನಡೆಯುತ್ತದೆ, ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಮೊನ್ನೆಯೂ ಹೋಯಿತು. ದೂರದಲ್ಲಿ ಡೊಳ್ಳು ಎದ್ದಿತು, ಯಾರೋ ಗೆದ್ದರು, ಜನ ಕೂಗಿದರು. ಸೈಕಲ್ಲುಗಳು ಸುಂಯ್ ಎಂದು ಹೋಗುವಾಗ ನನ್ನೊಳಗಿನ ನೀರು ಬಳೆ ಬಳೆಯಾಗಿ ನಡುಗಿತು, ಅಂಚು ಸಣ್ಣಗೆ ಘಣಗುಡತೊಡಗಿತು. ಕೆಲಸದಲ್ಲಿದ್ದ ಅಮೋಗಿ ತಲೆಯೆತ್ತಲಿಲ್ಲ. ಕೈ ಚಾಚಿ, ಅಂಚು ಸವೆದ ಕಡೆಗೇ ಅಂಗೈ ಇಟ್ಟು, ಕೊನೆಯ ಸೈಕಲ್ ದಾಟುವವರೆಗೂ ಹಾಗೇ ಹಿಡಿದುಕೊಂಡಿದ್ದ.