ಬೀಜದ ಕೋಣೆಯ ಹಸಿಗೋಡೆ

ಸಹೃದಯನೇ, ಕಡುಬೇಸಿಗೆಯ ಆ ಇಳಿಹೊತ್ತನ್ನು ನೀನು ಕಣ್ಣಾರೆ ಕಾಣಬೇಕಿತ್ತು! ಇಳಿಜಾರಿನುದ್ದಕ್ಕೂ ಮಣ್ಣಿನ ಮನೆಗಳು; ಮಾಡುಗಳ ಮೇಲೆ ಬೆಳೆಸಿದ ಹುಲ್ಲು ಬಿಸಿಲುಂಡು ಸುವರ್ಣವರ್ಣಕ್ಕೆ ತಿರುಗಿತ್ತು; ಸೋಲಾರ್ ಫಲಕಗಳು ರವಿಕಿರಣದ ಕೊನೆಯ ಹನಿಯನ್ನೂ ಬಿಡದೆ ಹೀರುತ್ತಿದ್ದವು; ಸ್ನಾನದ ನೀರು ಜೊಂಡುಹುಲ್ಲಿನ ಹೊಂಡದಲ್ಲಿ ಸೋಸಿಕೊಂಡು, ತಿಳಿಯಾಗಿ, ತರಕಾರಿ ಮಡಿಗಳತ್ತ ಮೆಲ್ಲನೆ ಹರಿಯುತ್ತಿತ್ತು... ಭೂಮಿಗೆ ಭಾರವಾಗದೆ ಬದುಕುತ್ತೇವೆಂದು ಹಟ ತೊಟ್ಟ ನಲವತ್ತು ಜನರ ಊರದು. ಅಲ್ಲಿ ಯಾರೂ ಏನನ್ನೂ ಎಸೆಯುತ್ತಿರಲಿಲ್ಲ. ಹಳೆಯ ಮುನಿಸುಗಳನ್ನು ಕೂಡ!

ಅಂದು ಆ ಊರೇ ಉಸಿರು ಬಿಗಿಹಿಡಿದಂತಿತ್ತು. ಬೀಜದಕ್ಕನೆಂದು ಎಲ್ಲರೂ ಕರೆಯುತ್ತಿದ್ದ ಆಕೆ ಹನ್ನೊಂದು ವರ್ಷ ಆಯ್ದು, ಒಣಗಿಸಿ, ಮಡಕೆಗಳಲ್ಲಿ ಕಾಪಿಟ್ಟಿದ್ದ ಬೀಜಗಳೆಲ್ಲ ಕೆಟ್ಟಿದ್ದವು. ಹೊರಗಿನ ಬೀಜ ಕೊಳ್ಳುವುದಿಲ್ಲವೆಂಬುದು ಆ ಊರಿನ ವ್ರತ. ಹೀಗಾಗಿ ಬರುವ ವರ್ಷದ ಅನ್ನವೆಲ್ಲ ಆ ಪುಟ್ಟ ಕೋಣೆಯಲ್ಲೇ ಇತ್ತು. ಕೆಡಿಸಿದವನಾದರೂ ಯಾರು? ಆಕೆಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದವನು!

ಅವನು ಊರಿನ ಗೋಡೆ ಕಟ್ಟುವವನು. ತಂಗಿಯ ಬಾಣಂತನಕ್ಕೆಂದು ಆಕೆ ಹೊರಟ ದಿನ ಧೈರ್ಯ ತಂದುಕೊಂಡು ಮದುವೆಯ ಮಾತೆತ್ತಿದ್ದ. "ಬಂದ ಮೇಲೆ ಹೇಳ್ತೀನಿ," ಎಂದಿದ್ದಳು ಆಕೆ, ನಗುವನ್ನು ಕಣ್ಣಂಚಿನಲ್ಲಿ ಬಚ್ಚಿಟ್ಟು. ಪ್ರೀತಿಸುವವನ ಕೈ ಸುಮ್ಮನಿರುವುದುಂಟೆ? ಬೀಜದ ಕೋಣೆಯ ಗೋಡೆ ಬಿರುಕು ಬಿಟ್ಟಿತ್ತು. ಕೆಮ್ಮಣ್ಣಿಗೆ ಹುಲ್ಲು ಬೆರೆಸಿ, ಕಾಲಲ್ಲಿ ತುಳಿದು, ಮೂರು ಬಾರಿ ಬಳಿದ. ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದ. ನೆಲವನ್ನೂ ಹೊಸದಾಗಿ ಸಾರಿಸಿ, ಒಂದೊಂದು ಮಡಕೆಯನ್ನೂ ಅದರದರ ಜಾಗದಲ್ಲೇ ಇಟ್ಟ. ಮಣ್ಣಿನ ಗೋಡೆ ಬೇಗ ಒಣಗಿದರೆ ಸೀಳುತ್ತದೆ, ನಿಧಾನವಾಗಿ ಆರಬೇಕು ಎಂಬುದು ಅವನ ಕಸುಬು ಕಲಿಸಿದ ಪಾಠ. ಅದಕ್ಕಾಗಿ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಹನ್ನೆರಡು ದಿನ ಬೆಳಗೂ ಬೈಗೂ ನೀರು ಚಿಮುಕಿಸಿದ.

ಅಂದು ಬೆಳಿಗ್ಗೆ ತಂಗಿಯ ಮನೆಯಿಂದ ಮರಳಿದ ಆಕೆ ಬೀಜದ ಕೋಣೆಯ ಬಾಗಿಲು ತೆರೆದಳು. ಗೋಡೆಗಳು ಉಷಃಕಾಲದ ಆಗಸದಂತೆ ಕೆಂಪಾಗಿ ಬೆಳಗುತ್ತಿದ್ದವು... ಕೆಳಗೆ, ತೇವ ಹೀರಿದ ಮಡಕೆಗಳಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಕೆಲವುಗಳ ಬಾಯಿಬಟ್ಟೆಯನ್ನು ಬಿಳಿಯ ಮೊಳಕೆಗಳು ಮೇಲೆತ್ತಿದ್ದವು. ಬಿತ್ತನೆಗೆ ಇನ್ನೂ ಎರಡು ತಿಂಗಳಿತ್ತು.

"ಬಿರುಕು ಬೀಳಬಾರದು ಅಂತ... ತೇವ ಆರದ ಹಾಗೆ ನೋಡ್ಕೊಂಡೆ," ಎಂದ ಅವನು, ಹೊಸ್ತಿಲಾಚೆ ನಿಂತು.

"ಹೌದು. ತುಂಬ ಚೆನ್ನಾಗಿ ನೋಡ್ಕೊಂಡಿದೀರಿ."

ಬೈದಿದ್ದರೂ ಅವನು ತಾಳಿಕೊಳ್ಳುತ್ತಿದ್ದನೇನೋ!

ಯಾರಿಂದಲಾದರೂ ತಪ್ಪಾದರೆ ಊರೆಲ್ಲ ಅಡುಗೆಮನೆಯ ಚಪ್ಪರದಡಿ ದುಂಡಗೆ ಕೂರಬೇಕು, ಎಲ್ಲರೂ ಮಾತಾಡಬೇಕು, ನೊಂದವರ ಮಾತು ಕಟ್ಟಕಡೆಗೆ, ಅದೇ ತೀರ್ಪು; ಇದು ಅಲ್ಲಿನ ಕಟ್ಟಳೆ. ಆ ಇಳಿಹೊತ್ತಿನಲ್ಲೂ ಊರೆಲ್ಲ ಹಾಗೆ ಕೂತಿತು. ಬಡಗಿ ಮುಖ ಗಂಟಿಕ್ಕಿ, "ಇವನು ಇಲ್ಲಿಂದ ಹೋಗೋದೇ ಒಳ್ಳೇದು," ಎಂದ. ಅಡುಗೆಯ ಅಜ್ಜಿ ನಿಟ್ಟುಸಿರಿಟ್ಟಳು. "ಗೋಡೆಗೆ ತೇವ ಬೇಕು, ಬೀಜಕ್ಕೆ ಬೇಡ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಇದರಲ್ಲಿ ದ್ವೇಷ ಎಲ್ಲಿದೆಯಪ್ಪಾ?" ಅವನು ತಲೆಯೆತ್ತದೆ, "ಊರು ಬಿಡು ಅಂದ್ರೆ ಬಿಡ್ತೀನಿ," ಎಂದಷ್ಟೇ ಹೇಳಿದ.

ಸರದಿ ಆಕೆಗೆ ಬಂತು. ಹನ್ನೊಂದು ವರ್ಷದ ಶ್ರಮ ಒಂದು ಕಡೆ. ಉಗುರ ಸಂದಿನಲ್ಲಿ ಇನ್ನೂ ಕೆಮ್ಮಣ್ಣು ಮೆತ್ತಿದ್ದ ಆ ಎರಡು ಕೈಗಳು ಇನ್ನೊಂದು ಕಡೆ... ಆಕೆಗೆ ಅವನ ಮೇಲೆ ಅತೀವ ಸಿಟ್ಟಿತ್ತು. ಅವನಿಲ್ಲದ ನಾಳೆಯನ್ನು ನೆನೆದರೆ ಅದಕ್ಕಿಂತ ಹೆಚ್ಚಿನ ಭಯವಾಗುತ್ತಿತ್ತು.

"ನನಗೆ ಕೋಪ ಇಳಿದಿಲ್ಲ," ಎಂದಳು. "ಇವತ್ತು ಇಳಿಯೋದೂ ಇಲ್ಲ. ಇವರು ಕೇಳಿದ ಮಾತಿಗೂ ಇವತ್ತು ಉತ್ತರ ಇಲ್ಲ. ಆದ್ರೆ ಮೊಳಕೆ ನನ್ನ ಕೋಪ ಇಳಿಯೋ ತನಕ ಕಾಯಲ್ಲ. ಮೊಳೆತ ಮಡಕೆಗಳನ್ನೆಲ್ಲ ಮಡಿ ಹತ್ರ ತನ್ನಿ. ಇವರು ನನ್ನ ಜೊತೆ ಇರ್ಲಿ."

ಊರೆಲ್ಲ ತನ್ನ ಸ್ನಾನದ ನೀರನ್ನು ಆ ಮೊಳಕೆಗಳಿಗಾಗಿ ಬಿಟ್ಟುಕೊಟ್ಟಿತು. ಆಕೆ ಮಂಡಿಯೂರಿ, ಒಂದೊಂದೇ ಮೊಳಕೆಯನ್ನು ಎರಡು ಬೆರಳಲ್ಲಿ ಹಿಡಿದು ಮಣ್ಣಿಗಿಳಿಸಿದಳು. ಕಂಬನಿಯನ್ನು ತೋಳಿನಿಂದ ಒರೆಸಿಕೊಂಡಳು.

"ಉಳಿಯುತ್ವಾ?" ಎಂದು ಅವನು ಕೇಳಿದ.

"ಗೊತ್ತಿಲ್ಲ. ಬಿಸಿಲಿಗೆ ಅಡ್ಡ ನಿಂತ್ಕೊಳ್ಳಿ."

ಅವನು ನಿಂತ. ಅವನ ನೀಳವಾದ ನೆರಳು ಆ ಎಳೆಯ ಜೀವಗಳ ಮೇಲೂ ಆಕೆಯ ಬಾಗಿದ ಬೆನ್ನಿನ ಮೇಲೂ ಹರಡಿತು. ಆಕೆ ಸರಿದು ಕೂರಲಿಲ್ಲ.

ಕ್ಷಮೆ ಹೃದಯದಲ್ಲಿ ಹುಟ್ಟಿ ಕೈಗೆ ಬರುತ್ತದೆಂದು ನಾವು ತಿಳಿದಿದ್ದೇವೆ, ಸಹೃದಯನೇ... ಆದರೆ ಎಷ್ಟೋ ಸಲ ಅದು ಮೊದಲು ಕೈಗೇ ಬರುತ್ತದೆ; ಹೃದಯ ಹಿಂದಿನಿಂದ, ತಡವಾಗಿ, ಇನ್ನೂ ಮುನಿಸಿಕೊಂಡೇ, ನಡೆದು ಬರುತ್ತದೆ.