ಉಂಡ್ರಾ

ಸವತಿ ಹೆಣ್ಣಾಗಿದ್ದರೆ ಜಡೆ ಹಿಡಿದು ಜಗಳವಾಡಬಹುದು. ಮೀಸೆ ಇರುವ ಸವತಿಯನ್ನು ಏನು ಮಾಡುವುದು? ನನ್ನ ಸವತಿಯ ಹೆಸರು ಮುರಳಿಮೋಹನ್, ಊರು ನಂಗಲಿ. ನನ್ನ ಗಂಡ ಕದಿರೇಶ್ ಜೊತೆ ಒಂದೇ ದಿನ ಸೇನೆಗೆ ಸೇರಿದವನು, ಒಂದೇ ತುಕಡಿಯವನು.

ನಾನು ಮಾಸ್ತಿ ಕಡೆಯವಳು, ಯಲ್ದೂರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮದುವೆಯಾದ ಹೊಸತರಲ್ಲೇ ಗಡಿಯಲ್ಲಿ ಗಲಾಟೆ ಶುರುವಾಗಿ ಅವರನ್ನು ವಾಪಸ್ ಕರೆಸಿಕೊಂಡರು. ಶೆಲ್ ದಾಳಿ ನಿಂತ ಮೇಲೆ ರಜೆಗೆ ಬಂದರಲ್ಲ, ಬಂದದ್ದು ಮೈ ಮಾತ್ರ. ಮಾತಿಲ್ಲ, ನಗುವಿಲ್ಲ. ಮಾವಿನ ತೋಪಿನಲ್ಲಿ ಕೂತು ಫೋನ್ ಒತ್ತುವುದೇ ಕೆಲಸ. ಯಾರಿಗೆ? ಮುರಳಿಗೆ. ಅವನು ಎತ್ತುತ್ತಿರಲಿಲ್ಲ. ಎತ್ತದೇ ಇರಲಿ ಎಂದು ನಾನು ಮನೆದೇವರಿಗೆ ಕೈಮುಗಿದದ್ದೂ ಉಂಟು.

ಒಂದು ಮಧ್ಯಾಹ್ನ ಅವರು ಹಜಾರದಲ್ಲಿ ಮಲಗಿದ್ದವರು ನಿದ್ದೆಯಲ್ಲೇ ಬಡಬಡಿಸಿದರು: "ಉಂಡ್ರಾ... ಮುರಳೀ, ಉಂಡ್ರಾ..."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮುದ್ದೆ ತೊಳಸಿ, ಸಾರು ಕಾಯಿಸಿ, ಬಡಿಸಿ ಎದುರಿಗೆ ಕೂರುವವಳು ನಾನು. ಉಂಡೆಯಾ ಎಂದು ಒಂದು ದಿನವೂ ನನ್ನನ್ನು ಕೇಳಿದವರಲ್ಲ. ಅವನಿಗಾದರೆ ನಿದ್ದೆಯಲ್ಲೂ ಊಟದ ವಿಚಾರಣೆ, ಅದೂ ಬಹುವಚನದಲ್ಲಿ!

ಪಾತ್ರೆ ಕುಕ್ಕುತ್ತಾ ಅತ್ತೆಗೆ ಹೇಳಿದೆ. "ನೋಡಿ ಅತ್ತೆ, ನಿಮ್ಮ ಮಗ ಆ ಮುರಳೀನ ಉಂಡ್ರಾ ಉಂಡ್ರಾ ಅಂತ ಕೇಳ್ತಾವ್ರೆ. ನಾನು ಉಂಡ್ನಾ ಬಿಟ್ನಾ ಯಾರಿಗೆ ಬೇಕು?"

ಅತ್ತೆ ಕದಿರಮ್ಮ ಮೊದಲು ನಕ್ಕರು. ಆಮೇಲೆ ಕೈಲಿದ್ದ ಮೊರ ಕೆಳಗಿಟ್ಟರು.

"ಅಯ್ಯೋ ಹುಚ್ಚೀ, ಅದು ತೆಲುಗು ಕಣೇ, ಅವ್ರಿಬ್ರೂ ತೆಲುಗಲ್ಲೇ ಮಾತಾಡೋದು. ಉಂಡ್ರಾ ಅಂದ್ರೆ ಇರೋ ಅಂತ. ಅಲ್ಲೇ ಇರೋ, ಹೋಗ್ಬೇಡ ಅಂತ."

ಗಂಡ ಎದ್ದ ಮೇಲೆ ನೇರವಾಗಿ ಕೇಳಿಬಿಟ್ಟೆ. "ಮುರಳಿಗೆ ಎಲ್ಲಿ ಇರು ಅಂದ್ರಿ?"

ಗೋಡೆ ನೋಡಿಕೊಂಡೇ ಹೇಳಿದರು. ಶೆಲ್ ಬಿದ್ದಾಗ ಇಬ್ಬರಿಗೆ ಪೆಟ್ಟಾಗಿತ್ತು. ಮುರಳಿಗೆ ಕಾಲಿಗೆ, ಇನ್ನೊಬ್ಬನಿಗೆ ಹೊಟ್ಟೆಗೆ. ಹೊಟ್ಟೆ ಹಿಡಿದುಕೊಂಡವನನ್ನು ಹೆಗಲ ಮೇಲೆ ಹಾಕಿಕೊಂಡು, ಮುರಳಿಗೆ "ಉಂಡ್ರಾ, ವಸ್ತಾ" ಎಂದು ಕೂಗಿ ಓಡಿದ್ದರು. ಇರೋ, ಬರ್ತೀನಿ ಎಂದು. ಸುತ್ತ ಮಣ್ಣು, ಕಲ್ಲು ಸಿಡಿಯುತ್ತಿತ್ತಂತೆ. ವಾಪಸ್ ಬರುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು ಶೆಲ್ ಬಿತ್ತು. ಮುರಳಿ ಬದುಕಿದ, ಕಾಲು ಉಳಿಯಲಿಲ್ಲ.

"ತೆವಳ್ಕೊಂಡು ಬಂಕರ್ ಸೇರಬಹುದಿತ್ತು ಅವ್ನು. ನಾನು ಹೇಳಿದ್ದಕ್ಕೆ ಇದ್ದ."

ನಾನು ಹೆಗಲ ಮೇಲೆ ಕೈ ಇಟ್ಟೆ. "ನಿಂಗೆ ಗೊತ್ತಾಗಲ್ಲ ಬಿಡು" ಎಂದು ಸರಿದು ಕೂತರು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಮರುದಿನ ಬಸ್ಸು ಹತ್ತಿ, ಮುಳಬಾಗಿಲಿನಲ್ಲಿ ಇಳಿದು ಇನ್ನೊಂದು ಹತ್ತಿ, ನಂಗಲಿಗೆ ಹೋದೆ. ಹೆದ್ದಾರಿ ಪಕ್ಕ ಮುರಳಿಯ ಅಮ್ಮ ಭಾರತಮ್ಮನ ಟೀ ಅಂಗಡಿ. ಲಾರಿಯವರ ನಡುವೆ ಊರುಗೋಲು ಒರಗಿಸಿಕೊಂಡು ಅವನು ಕೂತಿದ್ದ. ಮೊದಲು ಚೆನ್ನಾಗಿ ಬೈಯಬೇಕೆಂದುಕೊಂಡಿದ್ದವಳು, ಮಡಚಿ ಪಿನ್ನು ಹಾಕಿದ್ದ ಪ್ಯಾಂಟು ನೋಡಿ ಇಷ್ಟೇ ಕೇಳಿದೆ.

"ಫೋನ್ ಯಾಕೆ ಎತ್ತಲ್ಲ?"

"ಎತ್ತಿದ್ರೆ ಸಾರಿ ಅಂತಾನೆ ಅತ್ತಿಗೆ. ಅವನ ಸಾರಿ ಇಟ್ಕೊಂಡು ಏನ್ ಮಾಡ್ಲಿ? ಕಾಲು ಬರುತ್ತಾ?"

"ಬರಲ್ಲ. ಆದ್ರೆ ನನ್ ಗಂಡ ಇನ್ನೂ ಅಲ್ಲೇ ಅವ್ರೆ. ನಿದ್ದೇಲೂ ನಿಮ್ಮನ್ನೇ ಕರೀತಾರೆ, ನನ್ ಹೆಸರು ಒಂದ್ ಸಲಾನೂ ಬಂದಿಲ್ಲ. ನಂಗೆ ನಿಮ್ಮನ್ನ ಕಂಡ್ರೆ ಆಗಲ್ಲ. ಆದ್ರೂ ಕರ್ಕೊಂಡು ಹೋಗೋಕೆ ಬಂದಿದೀನಿ."

"ನಂಗೂ ನಿಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ" ಅಂದ. "ಮದ್ವೆ ಆದ್ಮೇಲೆ ಅವನ ಬಾಯಲ್ಲಿ ಬರೀ ಶ್ರೀವಾಣಿ, ಶ್ರೀವಾಣಿ. ಕೇಳಿ ಕೇಳಿ ತಲೆ ಕೆಟ್ಟೋಗಿತ್ತು."

ಆಮೇಲೆ ಊರುಗೋಲು ಕೈಗೆ ತಗೊಂಡ.

ಯಲ್ದೂರಿನಲ್ಲಿ ಆಟೊ ನಿಂತಾಗ ನನ್ನ ಗಂಡ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. "ಏನ್ಲಾ ನೋಡ್ತೀಯ, ಇಳಿಸ್ಕೋ" ಎಂದು ಮುರಳಿ ಗದರಿದ. ಅವರು ಓಡಿ ಹೋಗಿ, ಅವನ ಹೆಗಲಿಗೆ ಮುಖ ಒತ್ತಿ, ಗೊಳೋ ಎಂದು ಅತ್ತರು. ಮುರಳಿ ತೆಲುಗಿನಲ್ಲಿ ಬೈಯುತ್ತಲೇ ಅವರ ಬೆನ್ನು ಸವರಿದ.

ಅತ್ತೆ ಕಣ್ಣೊರೆಸಿಕೊಂಡು, ನಮ್ಮನೆ ಸೊಸೆ ಚಿನ್ನ ಎಂದರು. ಚಿನ್ನವೂ ಇಲ್ಲ, ಗಿನ್ನವೂ ಇಲ್ಲ. ನನ್ನ ಗಂಡ ಅಳಲಿ, ಅತ್ತು ಹಗುರಾಗಲಿ ಎಂದೇ ನಾನು ನಂಗಲಿಗೆ ಹೋದದ್ದು. ಆದರೆ ಆ ಹೆಗಲು ನನ್ನದಾಗಬೇಕಿತ್ತು.